ಉಳಿಸಿದ ಗಾಳಿ

ಹೋದ ವಾರ ಬೀದರಿನ ನಮ್ಮ ರೈಫಲ್ ಕ್ಲಬ್ಬಿನ ಕಪಾಟು ಖಾಲಿ ಮಾಡುವಾಗ ಹಳೆಯ ಕೈಪಂಪ್ ಸಿಕ್ಕಿತು. ಸುಮ್ಮನೆ ನಾಲ್ಕು ಸಲ ಒತ್ತಿದೆ. ಕಾದ ರಬ್ಬರು, ಎಣ್ಣೆ ಬೆರೆತ ವಾಸನೆ... ಪಕ್ಕದ ಮನೆಯ ಅಕ್ಕ ಎದುರಿಗೇ ನಿಂತ ಹಾಗಾಯಿತು. ಪಂಪ್ ಕೆಳಗಿಟ್ಟೆ, ಮತ್ತೆ ಎತ್ತಿದೆ. ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಅಕ್ಕ ಔರಾದ್ ಕಡೆಯ ಡಾಬಕಾದವಳು. ಓದಲು ಬಂದು ನಮ್ಮ ಪಕ್ಕದಲ್ಲಿ ಕೋಣೆ ಹಿಡಿದಿದ್ದಳು. ಮಳೆ ಕೈಕೊಟ್ಟ ವರ್ಷಗಳವು. ತೊಗರಿ ಬಾರದೆ ಖಾಲಿ ಬಿದ್ದ ಗೋದಾಮಿನಲ್ಲಿ ಕ್ಲಬ್ಬು ನಡೆಯುತ್ತಿತ್ತು. ಅಕ್ಕನೂ ನಾನೂ ಅಲ್ಲೇ ಗುರಿ ಕಲಿಯುತ್ತಿದ್ದೆವು. ಊರಲ್ಲಿ ಅವಳ ಅಪ್ಪ ಕುರಿ ಮಾರಿ, ಹೈದರಾಬಾದಿಗೆ ಹೊರಡಲು ಗಂಟು ಕಟ್ಟಿ ಕೂತಿದ್ದರು. ಭಾಲ್ಕಿಯ ಆಯ್ಕೆ ಪಂದ್ಯದಲ್ಲಿ ಗೆದ್ದರೆ ಅಕ್ಕನಿಗೆ ಕ್ರೀಡಾ ಹಾಸ್ಟೆಲು. ಇಲ್ಲವಾದರೆ ಅವಳೂ ಅಪ್ಪನ ಹಿಂದೆ ಇಟ್ಟಿಗೆ ಹೊರಲು ಹೋಗಬೇಕು.

ನಾನಂತೂ ಗುರಿ ಹಿಡಿಯುವುದಕ್ಕಿಂತ ಗುರಿ ಹಿಡಿದವರನ್ನು ಅಣಕಿಸುವುದರಲ್ಲಿ ಪಳಗಿದವನು. ಗುರಿ ಕಲಿಸುವ ಸರ್ ಕೆಮ್ಮಿದರೆ ಅದೇ ರಾಗದಲ್ಲಿ ಕೆಮ್ಮುತ್ತಿದ್ದೆ. ನನ್ನ ಗುಂಡು ಗುರಿಯ ಹಾಳೆಯ ಅಂಚು ಹರಿದಾಗ ನನ್ನದೇ ಪೆಚ್ಚುಮುಖವನ್ನೂ ಮಾಡಿ ತೋರಿಸುತ್ತಿದ್ದೆ.

ಗಾಳಿ ತುಂಬಿ ಹೊಡೆಯುವ ರೈಫಲ್ ಎರಡಿದ್ದವು. ಕರಿಯದಕ್ಕೆ ದೊಡ್ಡ ಸಿಲಿಂಡರು, ನೀಲಿಯದಕ್ಕೆ ಚಿಕ್ಕದು. ಹೆಚ್ಚು ಗುಂಡು ಹಾರಿಸುವ ದೊಡ್ಡದೇ ಮೇಲೆಂದು ನಮ್ಮೆಲ್ಲರ ತೀರ್ಮಾನ. ಅಕ್ಕ ಒಪ್ಪಲಿಲ್ಲ. ಎರಡಕ್ಕೂ ಮೀಟರಿನ ಒಂದೇ ಗೆರೆಯ ತನಕ ಗಾಳಿ ತುಂಬಿಸಿ, ಅಷ್ಟಷ್ಟೇ ಗುಂಡು ಹೊಡೆದು, ಮುಳ್ಳು ಮತ್ತೆ ಆ ಗೆರೆಗೆ ಏರುವ ತನಕ ನನ್ನಿಂದ ಪಂಪ್ ಹೊಡೆಸಿದಳು. ನೀಲಿಯದು ಬೇಗ ತುಂಬಿತು, ಅಂದರೆ ಅಷ್ಟೇ ಗುಂಡಿಗೆ ಕಡಿಮೆ ಗಾಳಿ ತಿಂದಿತ್ತು. ಕರಿಯದು ನನ್ನ ಉಸಿರನ್ನೇ ಕುಡಿಯಿತು.

“ನೋಡ್ರಿ ಸರ್, ಕರೀದು ಗುಂಡು ಹೋದ ಮ್ಯಾಲೂ ಫುಸ್ ಅಂತದ. ಈ ನಕಲ್ಯಾನ ಹಾಂಗ, ಕೆಲಸ ಮುಗದ್ರೂ ಬಾಯಿ ನಿಲ್ಲಂಗಿಲ್ಲ,” ಎಂದಳು. ನಕಲ್ಯಾ ಎಂದರೆ ನಾನು.

“ಖರೇ ಅದ. ಆದ್ರ ನೀಲೀದು ಪಂದ್ಯ ಮುಗಿಯೋತನ ಸಾಲ್ತದೇನವ್ವಾ? ನಡುವ ತುಂಬಾಕ ಬಿಡಂಗಿಲ್ಲ,” ಎಂದರು ಸರ್.

“ಉಳಿಸ್ಕೋತ ಹೊಡಿತೇನಿ ಬಿಡ್ರಿ.”

ಅವಳು ಇದ್ದದ್ದೇ ಹಾಗೆ. ನಲ್ಲಿ ಬಂದ ದಿನವೂ ಒಂದು ಕೊಡವನ್ನು ಮುಟ್ಟದೆ ಮುಚ್ಚಿಡುತ್ತಿದ್ದಳು.

ಭಾಲ್ಕಿಯಲ್ಲಿ ಪಂದ್ಯಕ್ಕೆ ಮುಂಚೆ ಅಭ್ಯಾಸದ ಗುಂಡು ಎಷ್ಟಾದರೂ ಹೊಡೆಯಬಹುದಿತ್ತು. ಹೊಸ ಜಾಗ, ಹೊಸ ಬೆಳಕು. ಗುರಿ ಸರಿಪಡಿಸಿಕೊಳ್ಳಲೆಂದೇ ಕೊಟ್ಟ ಹೊತ್ತು ಅದು, ಆದರೆ ಅದು ಶುರುವಾದ ಮೇಲೆ ಮತ್ತೆ ಗಾಳಿ ತುಂಬುವ ಹಾಗಿಲ್ಲ. ಉಳಿದವರು ಹೊಡೆಯುತ್ತಲೇ ಇದ್ದರು. ಅಕ್ಕ ಎರಡು ಹೊಡೆದು ರೈಫಲ್ ಇಳಿಸಿಬಿಟ್ಟಳು. ನಾನು ಹಿಂದೆ ನಿಂತು ಕಾಲು ಬದಲಿಸುತ್ತಿದ್ದೆ, ಉಗುರು ಕಚ್ಚುತ್ತಿದ್ದೆ. ಪಂದ್ಯದ ಮೊದಲ ಗುಂಡುಗಳು ಎಡಕ್ಕೆ ಸರಿದವು. ಅವಳು ತಿದ್ದಿಕೊಂಡ ಮೇಲೆ ಎಲ್ಲವೂ ನಟ್ಟನಡುವೆ... ಆದರೆ ಹಾಸ್ಟೆಲಿನ ಜಾಗ ತುಸುವೇ ಮುಂದಿದ್ದ ಇನ್ನೊಬ್ಬಳಿಗೆ ಹೋಯಿತು.

ಹೊರಗೆ ಬಂದು ಮೀಟರನ್ನು ನನ್ನ ಕಡೆ ತಿರುಗಿಸಿದಳು. ಮುಳ್ಳು ಇನ್ನೂ ಮೇಲೆಯೇ ಇತ್ತು.

“ಗಾಳಿ ಭಾಳ ಉಳದದಲ್ಲೋ,” ಎಂದಳು. ನಕ್ಕಳೂ ಕೂಡ.

ಆ ವಾರವೇ ಅಪ್ಪನ ಜೊತೆ ಹೈದರಾಬಾದಿನ ಬಸ್ಸು ಹತ್ತಿದಳು. ಮತ್ತೆ ಬೀದರಿಗೆ ಬರಲಿಲ್ಲ. ಯಾವ ಊರಿನ ಯಾವ ಇಟ್ಟಿಗೆ ಭಟ್ಟಿಯಲ್ಲಿದ್ದಳೋ, ಈಗ ಎಲ್ಲಿದ್ದಾಳೋ...

ಈಗ ಹೊಸಬರನ್ನು ಪಂದ್ಯಗಳಿಗೆ ಕರೆದೊಯ್ಯುವವನು ನಾನೇ. ಯಾರಾದರೂ ಅಭ್ಯಾಸದ ಗುಂಡು ಎರಡೇ ಹೊಡೆದು ಸುಮ್ಮನಾದರೆ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಇನ್ನೊಂದು ಹೊಡಿ, ಇನ್ನೊಂದು... ಎಂಬ ಮಾತು ಹಲ್ಲಿನ ತನಕ ಬರುತ್ತದೆ.

ಪಂದ್ಯದ ನಿಯಮದಂತೆ ಹಿಂದೆ ನಿಂತವರು ಮಾತಾಡುವ ಹಾಗಿಲ್ಲ. ಅಂದೂ ಇರಲಿಲ್ಲ.