ಶ್ರಾವಣ ಸೋಮವಾರದ ರಕ್ತ

ಬಡವರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವವರಿಗೆ ಬಡವರ ಮನೆಯಲ್ಲಿ ಹೆಚ್ಚು ಹೊತ್ತು ಕೂರುವುದು ಆಗಿಬರುವುದಿಲ್ಲ. ಇದು ನಾನು ಯಾರಿಂದಲೋ ಕೇಳಿದ್ದಲ್ಲ, ಅವರ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಕಣ್ಣಾರೆ ಕಂಡದ್ದು. ಬಾಗಲಕೋಟೆಯ ನವನಗರದಲ್ಲಿ, ಒಂದು ಬಾಡಿಗೆ ಕಟ್ಟಡದ ಮೇಲಂತಸ್ತಿನಲ್ಲಿ ನಮ್ಮ ಕಚೇರಿ. ಮನೆಮನೆಗೆ ಹೋಗಿ ಬೆರಳು ಚುಚ್ಚಿ, ಒಂದು ಹನಿ ರಕ್ತ ತೆಗೆದು, ಯಂತ್ರ ತೋರಿಸಿದ ಸಕ್ಕರೆಯ ಅಂಶವನ್ನು ಟ್ಯಾಬಿನಲ್ಲಿ ತುಂಬುವುದು ನನ್ನ ಕೆಲಸ. ಜಿಲ್ಲೆಯಲ್ಲಿ ಸಕ್ಕರೆ ಕಾಯಿಲೆ ಯಾರಿಗೆ ಹೆಚ್ಚು, ಉಳ್ಳವರಿಗೋ ಇಲ್ಲದವರಿಗೋ ಎಂದು ತಿಳಿಯುವುದು ಯೋಜನೆಯ ಗುರಿ. ಹೆಚ್ಚಿದ್ದ ಕಡೆ ಒಂದು ಚಿಕಿತ್ಸಾಲಯ ತೆರೆಯುತ್ತಾರೆ, ಪ್ರತಿ ವಾರ ಡಾಕ್ಟರು ಬರುತ್ತಾರೆ, ಪರೀಕ್ಷೆಯೂ ಗುಳಿಗೆಯೂ ಪುಕ್ಕಟೆ ಎಂದು ಹೇಳಿದ್ದರು. ಇಡೀ ಜಿಲ್ಲೆಗೆ ಒಂದೇ ಒಂದು.

ಯೋಜನೆಯ ಮುಖ್ಯಸ್ಥೆ ಬೆಂಗಳೂರಿನವರು. ಬಂದಾಗಲೆಲ್ಲ ಬಾದಾಮಿಯ ಹೋಟೆಲಿನಲ್ಲಿ ಇಳಿದುಕೊಳ್ಳುತ್ತಿದ್ದರು. ಸಮೀಕ್ಷೆಗೆ ಆರಿಸಿದ ಹಳ್ಳಿಗಳಲ್ಲಿ ಹೆಚ್ಚಿನವು ಆ ಹೋಟೆಲಿನಿಂದ ಮಧ್ಯಾಹ್ನದ ಊಟಕ್ಕೆ ವಾಪಸಾಗುವಷ್ಟು ದೂರದಲ್ಲೇ ಇದ್ದದ್ದು ಕಾಕತಾಳೀಯ ಇರಬೇಕು. ಬಾದಾಮಿ ಹತ್ತಿರದ ಕುಳಗೇರಿ ಕ್ರಾಸ್‌ನ ಆಚೆ ಬಡವರೇ ಇಲ್ಲ ಎಂದು ಅವರು ನಂಬಿದ್ದರೋ ಏನೋ. ಅವರ ಕೈಕೆಳಗೆ ನಮ್ಮ ಸಂಯೋಜಕರು. ಅವರು ಇಲ್ಲಿನವರೇ, ಓದಿದ ಡಾಕ್ಟರು. ಹಣೆಯ ತುಂಬ ವಿಭೂತಿ, ಮಾತಿನ ತುಂಬ ಶರಣರು. ನನಗೆ ಮುಖ್ಯಸ್ಥೆಯ ಮೇಲೆ ಬರೀ ಬೇಸರವಿತ್ತು. ಈ ಮನುಷ್ಯನ ಮೇಲೆ ಇದ್ದದ್ದು ತಿರಸ್ಕಾರ, ಯಾಕೆಂದರೆ ಆಕೆಗೆ ಗೊತ್ತಿರಲು ಸಾಧ್ಯವಿಲ್ಲದ್ದು ಈತನಿಗೆ ಹುಟ್ಟಿನಿಂದ ಗೊತ್ತಿತ್ತು.

ಇಳಕಲ್ಲಿನ ಕೆಲಸ ಮುಗಿಯುವವರೆಗೆ ನಾನು ಅಲ್ಲಿಯ ನೇಕಾರರ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಮನೆಯೊಡತಿ ಸೀರೆ ನೇಯುವವರು. ಅವರ ಗಂಡ ಗ್ರಾನೈಟ್ ಪಾಲಿಶ್ ಕಾರ್ಖಾನೆಗೆ ಹೋಗುತ್ತಿದ್ದರು. ಪಡಸಾಲೆಯಲ್ಲಿ ಅವರ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕೂತು ನೇಯಬೇಕು. ಕೆಳಗಿನ ಹಲಗೆಗಳನ್ನು ಬರಿಗಾಲಲ್ಲಿ ತುಳಿಯುತ್ತಿರಬೇಕು. ಅವರ ಎಡಗಾಲಿನ ಹೆಬ್ಬೆರಳಿಗೆ ಹಲಗೆಯ ಸಿಬಿರು ಹೊಕ್ಕು ಗಾಯವಾಗಿತ್ತು. ಅರಿಶಿನ ಮೆತ್ತಿ ಹಳೆಯ ಸೀರೆಯ ಚೂರು ಸುತ್ತಿದ್ದರು. ಎಷ್ಟು ದಿನವಾದರೂ ಅದು ಒಣಗುತ್ತಿರಲಿಲ್ಲ. ಸದಾ ನೀರಡಿಕೆ ಎನ್ನುತ್ತಿದ್ದರು, ರಾತ್ರಿಯೆಲ್ಲ ಬಚ್ಚಲಿಗೆ ಎದ್ದು ಹೋಗುತ್ತಿದ್ದರು. ನನಗೆ ನೋಡಿದ ಕೂಡಲೇ ಅನುಮಾನ ಬಂತು. ಆದರೆ ಯಂತ್ರದ ಪಟ್ಟಿಗಳು ಲೆಕ್ಕದವು, ಸಮೀಕ್ಷೆಯ ಸರದಿ ಬರುವ ಮುಂಚೆ ಯಾರಿಗೂ ಬಳಸುವಂತಿರಲಿಲ್ಲ. ದವಾಖಾನೆಗೆ ಹೋಗಿ ಸರದಿಯಲ್ಲಿ ಕೂತರೆ ಅಂದಿನ ಮಗ್ಗ ಹೋಯಿತು, ಆ ಪುಕ್ಕಟೆ ಡಾಕ್ಟರು ನಮ್ಮ ಓಣಿಗೇ ಬಂದರೆ ತೋರಿಸುತ್ತೇನೆ ಎಂದು ಅವರು ಕಾಯುತ್ತಿದ್ದರು.

ಶ್ರಾವಣ ಬಂತು. ಉಳಿದ ದಿನಗಳಲ್ಲಿ ಆ ಓಣಿಯಲ್ಲಿ ಯಾರನ್ನಾದರೂ ಮಾತಾಡಿಸುವುದು ಕಷ್ಟ, ಮಗ್ಗದ ಸದ್ದಿಗೆ ಕೂಗಿದರೂ ಕೇಳದು. ಶ್ರಾವಣದ ಸೋಮವಾರ ಮಾತ್ರ ಮಗ್ಗಗಳು ನಿಲ್ಲುತ್ತವೆ. ತಲೆ ಮೇಲೆ ಸ್ನಾನ, ಪೂಜೆ, ಸಂಜೆಯವರೆಗೆ ಉಪವಾಸ, ದೀಪ ಹಚ್ಚಿದ ಮೇಲೆ ಒಂದು ಊಟ. ಇದಕ್ಕೆ ಒಪ್ಪತ್ತು ಎನ್ನುತ್ತಾರೆ. ಸಂಯೋಜಕರಿಗೆ ಜ್ಞಾನೋದಯವಾಯಿತು. ಸೋಮವಾರ ಎಲ್ಲರೂ ಮನೆಯಲ್ಲೇ ಸಿಗುತ್ತಾರೆ, ಇಡೀ ಓಣಿಯನ್ನು ಶ್ರಾವಣ ಸೋಮವಾರಗಳಲ್ಲೇ ಮುಗಿಸಿಬಿಡೋಣ ಎಂದು ಅಪ್ಪಣೆಯಾಯಿತು. ಸ್ವತಃ ತಾವೂ ಬಂದರು.

ನನ್ನ ಮನೆಯೊಡತಿಯ ಪಡಸಾಲೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಬಂದವರಿಗೆ ಚಹಾ ತರಲು ಅವರು ಎದ್ದರು. ಸಂಯೋಜಕರು ಕೈಯೆತ್ತಿ ತಡೆದರು. ಇವತ್ತು ಸೋಮವಾರ, ತಮ್ಮದು ಒಪ್ಪತ್ತು ಎಂದರು. ತಮ್ಮ ಮನೆಯಲ್ಲೂ ಎಲ್ಲರದೂ ಒಪ್ಪತ್ತೇ, ಓಣಿಯಲ್ಲಿ ಒಬ್ಬರೂ ಉಂಡಿಲ್ಲ ಎಂದು ಆಕೆ ಸಂತೋಷದಿಂದ ಹೇಳಿದರು. ಒಬ್ಬರ ಭಕ್ತಿಯ ಮೇಲೆ ಇನ್ನೊಬ್ಬರಿಗೆ ಗೌರವ ಉಕ್ಕಿತು. ಅವರ ಮನೆದೇವರ ಬಗ್ಗೆ ವಿಚಾರಿಸಿದ್ದೂ ಆಯಿತು. ಆಮೇಲೆ ಸಂಯೋಜಕರು ನನ್ನ ಕಡೆ ತಿರುಗಿ ಬೆರಳು ಚುಚ್ಚಲು ಸನ್ನೆ ಮಾಡಿದರು. ಊಟವಾಗಿ ಎಷ್ಟು ಹೊತ್ತಾಯಿತು ಎಂದು ಟ್ಯಾಬು ಕೇಳುತ್ತದೆ. ಉತ್ತರ ಕೊಡದೆ ಮುಂದೆ ಹೋಗದು. ಕೆಲಸ ಬೇಗ ಸಾಗಲೆಂದು ಸಂಯೋಜಕರು ಎಲ್ಲರಿಗೂ ‘ಎರಡು ತಾಸು’ ಎಂದು ಮೊದಲೇ ತುಂಬಿಸಿಟ್ಟಿದ್ದರು, ನಾವು ಬದಲಿಸುವಂತಿರಲಿಲ್ಲ.

ಉಂಡವರ ರಕ್ತದಲ್ಲಿ ಇಷ್ಟು ಸಕ್ಕರೆ ಇದ್ದರೆ ಚಿಂತೆಯಿಲ್ಲ, ಬರಿಹೊಟ್ಟೆಯಲ್ಲಿ ಅಷ್ಟೇ ಇದ್ದರೆ ಕಾಯಿಲೆ. ಇದು ನರ್ಸಿಂಗ್‌ನ ಮೊದಲ ವರ್ಷದ ಮಕ್ಕಳಿಗೂ ಗೊತ್ತು. ಬೆಳಗಿನಿಂದ ಒಂದು ತುತ್ತೂ ತಿನ್ನದ ಆ ಹೆಂಗಸಿನ ರಕ್ತಕ್ಕೆ ಉಂಡು ತೇಗಿದವರ ಅಳತೆಗೋಲು ಹಿಡಿದರೆ ಏನಾಗಬೇಕೋ ಅದೇ ಆಯಿತು. ಟ್ಯಾಬಿನಲ್ಲಿ ಹಸಿರು ಗುರುತು ಬಂತು. ನಿಮಗೇನೂ ಇಲ್ಲ ಎಂದು ಸಂಯೋಜಕರು ಆಶೀರ್ವಾದದ ಧಾಟಿಯಲ್ಲಿ ಹೇಳಿದರು. ಆಮೇಲೆ ಆಕೆಯನ್ನು ಮಗ್ಗದ ಮುಂದೆ ಕೂರಿಸಿ, ಲಾಳಿ ಕೈಗೆ ಕೊಟ್ಟು ಫೋಟೋ ತೆಗೆದರು. ಕಾಲು ಕುಣಿಯೊಳಗಿತ್ತು.

ಓಣಿಯಲ್ಲೇ ಅವರನ್ನು ನಿಲ್ಲಿಸಿ ನಾನು ಹೇಳಿದೆ. ಇವರು ಯಾರೂ ಉಂಡಿಲ್ಲ, ನೀವೇ ಕೇಳಿದಿರಿ, ಈ ಲೆಕ್ಕ ತಪ್ಪು, ಇನ್ನೊಂದು ದಿನ ಬರೋಣ ಎಂದೆ. ಅವರು ನನ್ನನ್ನು ಪಾಪದ ಪ್ರಾಣಿಯನ್ನು ನೋಡುವಂತೆ ನೋಡಿದರು.

"ಉಪವಾಸ ಅನ್ನೂದು ಭಕ್ತಿ ಮೇಡಂ. ಅದನ್ನ ತಂದು ಇದರಾಗ ಯಾಕ ಕಲಸ್ತೀರಿ? ಸೋಮವಾರ ಬಿಟ್ರ ಈ ಮಂದಿ ಕೈಗೆ ಸಿಗಂಗಿಲ್ಲ."

ಆತನ ತಲೆಯಲ್ಲಿ ಎರಡು ಕೋಣೆಗಳಿದ್ದವು, ನಡುವೆ ಬಾಗಿಲಿರಲಿಲ್ಲ. ಒಂದರಲ್ಲಿ ತಾನೂ ಉಪವಾಸವಿದ್ದ, ಇನ್ನೊಂದರಲ್ಲಿ ಊರೆಲ್ಲ ಊಟ ಮಾಡಿ ಎರಡು ತಾಸಾಗಿತ್ತು.

ನವನಗರದ ಸರದಿ ಭಾನುವಾರ ಬೆಳಿಗ್ಗೆ ಉದ್ಯಾನದಲ್ಲಿ. ನಿವೃತ್ತ ಅಧಿಕಾರಿಗಳು, ಅಂಗಡಿ ಮಾಲೀಕರು, ಅವರ ಹೆಂಡಂದಿರು ವಾಕಿಂಗ್ ಮುಗಿಸಿ ಬರುತ್ತಿದ್ದರು. ದೊಡ್ಡವರು ಸುಮ್ಮನೆ ರಕ್ತ ಕೊಡುವುದಿಲ್ಲ ಎಂದು ಯೋಜನೆಯ ಕಡೆಯಿಂದ ಉಪ್ಪಿಟ್ಟು, ಶಿರಾ ಇಟ್ಟಿದ್ದರು. ಶಿರಾದಲ್ಲಿ ತುಪ್ಪ ಸುರಿಯುತ್ತಿತ್ತು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು, ಬಾಯೊರೆಸಿಕೊಳ್ಳುತ್ತ ಬೆರಳು ಚಾಚಿದರು. ಟ್ಯಾಬಿನಲ್ಲಿ ಇಲ್ಲೂ ಅದೇ ‘ಎರಡು ತಾಸು’, ಕೆಂಪು ಗುರುತಿನ ಮೇಲೆ ಕೆಂಪು ಗುರುತು.

ಫಲಿತಾಂಶ ಓದಿದ್ದು ಬಾದಾಮಿಯ ಹೋಟೆಲಿನ ಸಭಾಂಗಣದಲ್ಲಿ. ನೇಕಾರರ ಸಾಂಪ್ರದಾಯಿಕ ಆಹಾರ, ಮೈಮುರಿಯುವ ದುಡಿಮೆ ಮತ್ತು ವ್ರತನಿಷ್ಠೆ ಅವರನ್ನು ಸಕ್ಕರೆ ಕಾಯಿಲೆಯಿಂದ ಕಾಪಾಡಿವೆ ಎಂದು ಮುಖ್ಯಸ್ಥೆ ಪರದೆಯ ಮೇಲೆ ತೋರಿಸಿದರು. ವ್ರತನಿಷ್ಠೆ ಎನ್ನುವಾಗ ಸಂಯೋಜಕರು ತಲೆದೂಗಿದರು. ನಾನು ಎದ್ದು ಸೋಮವಾರದ ವಿಷಯ ಹೇಳಿದೆ. ಮುಖ್ಯಸ್ಥೆ ಬಹಳ ಕುತೂಹಲಕಾರಿ ಅಂಶ ಎಂದು ಮುಗುಳ್ನಕ್ಕು, ಮುಂದಿನ ಅಧ್ಯಯನಕ್ಕೆ ಇಟ್ಟುಕೊಳ್ಳೋಣ ಎಂದರು. ಆಮೇಲೆ ಊಟಕ್ಕೆ ಕರೆದರು. ಚಿಕಿತ್ಸಾಲಯ ನವನಗರಕ್ಕೆ ಹೋಯಿತು, ಪ್ರತಿ ಮನೆಯಲ್ಲೂ ಒಂದು ಕಾರು, ಪ್ರತಿ ತಿರುವಿನಲ್ಲೂ ಒಂದು ಆಸ್ಪತ್ರೆ ಇರುವ ಕಡೆಗೆ. ಅಸಮಾನತೆಯನ್ನು ಅಳೆಯಲು ಬಂದವರು ಅದಕ್ಕೆ ಇನ್ನೊಂದು ಮಾಳಿಗೆ ಕಟ್ಟಿಕೊಟ್ಟು ಹೋದರು. ನಾನು ಆ ವಾರವೇ ಕೆಲಸ ಬಿಟ್ಟು ಹುನಗುಂದದ ಒಂದು ಲ್ಯಾಬಿಗೆ ಸೇರಿದೆ.

ವರದಿಯ ಮುಖಪುಟದಲ್ಲಿ ನನ್ನ ಮನೆಯೊಡತಿ ನಗುತ್ತಿದ್ದರು. ಅದೇ ಫೋಟೋ ಪತ್ರಿಕೆಯಲ್ಲೂ ಬಂತು. ನಾನು ಇಳಕಲ್ಲಿಗೆ ಹೋಗಿ ನೋಡಿದರೆ, ಆ ತುಂಡನ್ನು ಕತ್ತರಿಸಿ ದೇವರ ಜಗಲಿಯ ಪಕ್ಕ ಅಂಟಿಸಿದ್ದರು. ಕಾಲಿನ ಬಟ್ಟೆ ಹಾಗೇ ಇತ್ತು, ಹತ್ತಿರ ಕೂತರೆ ವಾಸನೆ ಬರುತ್ತಿತ್ತು. ಆಗಲೇ ಹೇಳಿದ್ದೆನಲ್ಲ, ಅವತ್ತಿನ ಪರೀಕ್ಷೆ ಸುಳ್ಳು, ಲ್ಯಾಬಿಗೆ ಬನ್ನಿ, ನಾನೇ ಮಾಡಿಸುತ್ತೇನೆ ಎಂದು ಕೈ ಹಿಡಿದು ಬೇಡಿಕೊಂಡೆ. ಅವರು ನನ್ನ ಕೈಯನ್ನೇ ಸಮಾಧಾನ ಮಾಡುವಂತೆ ತಟ್ಟಿದರು.

"ಪೇಪರನ್ಯಾಗ ಬಂದೈತಿ ತಂಗಿ, ನಮ್ಮ ನೇಕಾರ ಮಂದಿಗೆ ಆ ಬ್ಯಾನಿ ಇಲ್ಲಂತ. ದೇವರು ಅದೊಂದಾದ್ರೂ ಪುಣ್ಯಾ ಕೊಟ್ಟಾನ ನಮಗ. ನೀ ಯಾಕ ಅದನ್ನ ಕಸಗೋತಿ?"

ಆಕೆಯ ಮೇಲೆ ಸಿಟ್ಟು ಬರಲಿಲ್ಲ, ಅಳು ಬಂತು. ವಿಭೂತಿ ಹಚ್ಚಿದ ಡಾಕ್ಟರು, ಅಚ್ಚಾದ ಪತ್ರಿಕೆ ಒಂದು ಕಡೆ, ಬೆರಳು ಚುಚ್ಚುವ ಹುಡುಗಿ ಇನ್ನೊಂದು ಕಡೆ. ಯಾರನ್ನು ನಂಬಬೇಕು ಅವರು?

ಬೇಸಿಗೆಯ ಹೊತ್ತಿಗೆ ಹೆಬ್ಬೆರಳು ಕಪ್ಪಾಯಿತು. ಜ್ವರ ಏರಿದಾಗ ಗಂಡ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಒಯ್ದರು. ಸಕ್ಕರೆ ಬಹಳ ದಿನದಿಂದ ಇದೆ ಎಂದು ಅಲ್ಲಿನ ಡಾಕ್ಟರು ಗದರಿದರಂತೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು. ಹೆಬ್ಬೆರಳು, ಅದರ ಪಕ್ಕದ ಬೆರಳು, ಕೊನೆಗೆ ಅರ್ಧ ಪಾದ ತೆಗೆದರು. ಆ ಕಾಲಿನಿಂದ ಹಲಗೆ ತುಳಿಯಲಾಗುವುದಿಲ್ಲ. ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲೆ ಅವರ ಹಾಸಿಗೆ ಹಾಕಿದ್ದಾರೆ.

ಮತ್ತೆ ಶ್ರಾವಣ ಬಂದಿದೆ. ಮೊನ್ನೆ ಲ್ಯಾಬಿನಲ್ಲಿದ್ದಾಗ ಸಂಯೋಜಕರ ಫೋನ್ ಬಂತು. ಹಳೆಯದನ್ನೆಲ್ಲ ಮರೆತ ಉತ್ಸಾಹದ ದನಿ. ಎರಡನೇ ಸುತ್ತಿಗೆ ಅನುದಾನ ಸಿಕ್ಕಿದೆ, ನುರಿತವರು ಬೇಕು, ಬನ್ನಿ ಎಂದರು. ಮುಖಪುಟದ ಆ ತಾಯಿಯ ಹೊಸ ಫೋಟೋ ಒಂದು ಬೇಕು, ನೀವೇ ಸ್ವಲ್ಪ ಹೇಳಿಡಿ ಎಂದರು.

"ಈ ಸಲ ಅವರ ಕಾಲಿನ ಫೋಟೋ ತಗೀರಿ ಸರ್," ಎಂದೆ.

ಅವರಿಗೆ ತಿಳಿಯಲಿಲ್ಲ. ತಿಳಿಯಬೇಕೆಂದು ಅವರು ಕೇಳಲೂ ಇಲ್ಲ.

"ಆತು ಬಿಡ್ರಿ, ಎಲ್ಲಾ ತಗಿಯೂಣು. ಸೋಮವಾರ ಬರ್ತೇವಿ. ಅವತ್ತ ಎಲ್ಲಾರೂ ಮನ್ಯಾಗ ಇರ್ತಾರ."