ಕೊಲೆಗಾರನನ್ನು ಅಜ್ಜಿ ಹಿಡಿದ ಒಂಬತ್ತನೇ ಎಪಿಸೋಡು

ಹೇಳಿದರೆ ನೀವು ನಂಬುವುದಿಲ್ಲ. ನಾನು ಅಲ್ಲೇ ಇದ್ದೆ, ನನಗೇ ಇನ್ನೂ ನಂಬಿಕೆ ಬಂದಿಲ್ಲ.

ನಾನು ನೋಡುವ ಸೀರೀಸಿನಲ್ಲಿ ಒಂದು ಆಕಾಶನೌಕೆ. ಅದರೊಳಗೆ ಇನ್ನೂರು ಜನ ಗಾಜಿನ ಪೆಟ್ಟಿಗೆಗಳಲ್ಲಿ ವರ್ಷಗಟ್ಟಲೆ ಮಲಗಿದ್ದಾರೆ. ಎದ್ದವರಲ್ಲಿ ಒಬ್ಬೊಬ್ಬರೇ ಸಾಯುತ್ತಿದ್ದಾರೆ. ಕೊಲೆಗಾರ ಕಂಪ್ಯೂಟರೇ ಎಂದು ನಾನು ಇಡೀ ಕ್ಲಾಸಿನ ಮುಂದೆ ಬೆಂಚು ಹತ್ತಿ ಘೋಷಿಸಿದ್ದೆ. ಕ್ಲಾಸಿನಲ್ಲಿ ನನ್ನನ್ನು ‘ವಿಜ್ಞಾನಿ’ ಅನ್ನುತ್ತಾರೆ. ಆ ಹೆಸರಿಟ್ಟವನು ನಾನೇ, ಅದು ಬೇರೆ ಮಾತು. ಒಂಬತ್ತನೇ ಎಪಿಸೋಡಿನಲ್ಲಿ ಗುಟ್ಟು ಬಯಲಾಗುವುದಿತ್ತು. ನನ್ನ ಲೆಕ್ಕ ತಪ್ಪಿದರೆ ಸೋಮವಾರ ಚನ್ನಪಟ್ಟಣದ ಬಸ್ಸಿನಲ್ಲಿ ನಾನು ಮುಖ ಮುಚ್ಚಿಕೊಂಡು ಹೋಗಬೇಕು.

ಅಕ್ಕೂರಿನ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ರೇಷ್ಮೆಹುಳ ಸಾಕುವ ಕೋಣೆಯ ಒಂದೇ ಮೂಲೆಯಲ್ಲಿ. ಅದೂ ಸ್ಟೂಲಿನ ಮೇಲೆ ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತರೆ. ಭಾನುವಾರ ಮಧ್ಯಾಹ್ನ ಫೋನು ಹಿಡಿದು ನಿಂತೆ. ಹುಳಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲ್ಲಾಡದೆ ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಅವು ಮಲಗಿದರೆ ಅಜ್ಜಿಗೆ ಕೆಲಸವಿಲ್ಲ. ಕೆಲಸವಿಲ್ಲದ ಅಜ್ಜಿ ನನ್ನ ಪಕ್ಕಕ್ಕೇ ಬಂದು ಕತ್ತು ಚಾಚಿದಳು.

“ಇವ್ರೆಲ್ಲ ಉಚ್ಚೆಗೆ ಎಲ್ಲೋಯ್ತಾರ್ಲಾ?”

“ಸುಮ್ನಿರಜ್ಜಿ, ಇಂಪಾರ್ಟೆಂಟ್ ಸೀನು.”

“ಆ ಮೀಸೆಯೋನು ಯಾರು? ನಮ್ ಡೈರಿ ಸೆಕ್ರೆಟ್ರಿ ಇದ್ದಂಗವ್ನೆ.”

“ಕ್ಯಾಪ್ಟನ್ನು!”

ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ ಪರದೆಯ ಮೇಲೆ ಬಫರಿಂಗ್ ಚಕ್ರ ತಿರುಗಿತು. ಮೂವತ್ತು ಸೆಕೆಂಡು ನೋಡು, ಮೂರು ಯುಗ ಕಾಯಿ. ನನ್ನ ಕಾಲು ಮರಗಟ್ಟಿ ಬೇರೆಯವರ ಕಾಲಿನಂತಾಯಿತು. ಕೊನೆಗೂ ಚಿತ್ರ ಬಂದಾಗ ಕ್ಯಾಪ್ಟನ್ ಈ ಸಲವೂ ಹತ್ತು ಜನರನ್ನು ಮೊದಲು ಎಬ್ಬಿಸಿ ಊಟಕ್ಕೆ ಕೂರಿಸಿದ್ದ. ಉಳಿದವರು ಇನ್ನೂ ಅರೆಎಚ್ಚರದಲ್ಲಿದ್ದರು.

ಅಜ್ಜಿ ಎದೆ ಬಡಿದುಕೊಂಡಳು. “ಅಯ್ಯೋ ಹಾಳಾದೋನೆ! ಎಲ್ಲಾ ಏಳೋಗಂಟ ಉಣ್ಣಾಕಿಕ್ಬಾರ್ದು ಕಣೋ! ಮೊದ್ಲೆದ್ದವು ತಿಂದು ಕೊಬ್ತವೆ, ಹಿಂದೆದ್ದವು ಸೊರಗಿ ಸಾಯ್ತವೆ!”

“ಅವು ಹುಳ ಅಲ್ಲಜ್ಜಿ, ವಿಜ್ಞಾನಿಗಳು.”

“ಯಾರಾದ್ರೇನ್ಲಾ, ಹೊಟ್ಟೆ ಹೊಟ್ಟೆನೇ.”

ನಾನು ನಕ್ಕೆ. ಜೋರಾಗಿ, ತಿಳಿದವರ ಥರ. ಅಷ್ಟರಲ್ಲಿ ಕ್ಯಾಪ್ಟನ್ ಉಗ್ರಾಣದ ಬಾಗಿಲು ತೆರೆದ. ಖಾಲಿ. ಮೊದಲು ಎದ್ದವರು ಎಲ್ಲವನ್ನೂ ಮುಗಿಸಿದ್ದರು. ಸತ್ತವರೆಲ್ಲ ತಡವಾಗಿ ಎದ್ದು ಊಟ ಸಿಗದವರು. ಒಂಬತ್ತು ವಾರ ನೋಟ್‌ಬುಕ್ಕಿನಲ್ಲಿ ಬಾಣ ಎಳೆದು, ಚಾರ್ಟು ಬರೆದು, ಗಣಿತದ ಪೀರಿಯಡ್ಡುಗಳನ್ನೇ ಬಲಿಕೊಟ್ಟವನು ನಾನು. ಅಜ್ಜಿ ನೋಡಿದ್ದು ಹನ್ನೊಂದು ನಿಮಿಷ!

ಇನ್ನೂ ನಾಲ್ಕು ನಿಮಿಷ ಬಾಕಿ ಇತ್ತು. ಉಗ್ರಾಣದ ಬೀಗ ತೆಗೆದುಕೊಟ್ಟಿದ್ದು ಕಂಪ್ಯೂಟರೇ ಆಗಿರಬಹುದಲ್ಲ? ಪರದೆಯಲ್ಲಿ ಒಂದು ಕೆಂಪು ದೀಪ ಮಿನುಗಿತು ಕೂಡ. ಆಗ ಅಮ್ಮ ಒಳಗೆ ಬಂದಳು.

“ಏನತ್ತೆ, ಬೀದಿಗಂಟ ಕೇಳಿಸ್ತೈತೆ ಗಲಾಟೆ?”

ಅಜ್ಜಿ ಹನ್ನೊಂದು ನಿಮಿಷದಲ್ಲಿ ಕಂಡದ್ದನ್ನೆಲ್ಲ ಒಂದೇ ಉಸಿರಲ್ಲಿ ಒಪ್ಪಿಸಿದಳು. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಇದ್ನ ಕಂಡಿಡಿಯಕ್ಕೆ ಒಂಬತ್ತು ವಾರ ಬೇಕಾಯ್ತೇನ್ಲಾ ನಿಂಗೆ?”

“ಇನ್ನೂ ನಾಕ್ ನಿಮ್ಷ ಐತೆ ಕಣಮ್ಮ! ಮೇನ್ ವಿಲನ್ನೇ ಈಗ ಬರದು!”

“ಇನ್ನೇನೈತೆ ಅದ್ರಲ್ಲಿ? ಅಳ್ತಾರೆ, ಅಷ್ಟೇಯ.”

ನನ್ನ ಕೈಯಿಂದ ಫೋನು ಕಿತ್ತುಕೊಂಡು ಆಫ್ ಮಾಡಿದಳು.