ನನಗೆ ಬಾರದ ಜ್ವರ

ಕಳೆದ ಮಂಗಳವಾರ ನಾನು ಪಾಠ ಹೇಳಲು ಶಾಲೆಗೆ ಹೊರಟಾಗ ಕೋರ್ಟಿನ ಬೇಲಿಫ ಬಾಗಿಲಲ್ಲಿ ನಿಂತಿದ್ದ. ಮನೆ ಖಾಲಿ ಮಾಡಬೇಕೆಂದು ಮರಾಠಿಯಲ್ಲಿ ಹೇಳಿ ಕಾಗದ ಕೊಟ್ಟ. ಮನೆ ಮಾಲೀಕ ನನ್ನ ಮೇಲೆ ಹೂಡಿದ್ದ ದಾವೆ ಮಾಲೀಕನ ಕಡೆಗೇ ತೀರ್ಮಾನವಾಗಿತ್ತಂತೆ. ತೀರ್ಮಾನವೇ? ನಾನಿನ್ನೂ ಸಾಕ್ಷಿಕಟ್ಟೆಯನ್ನೇ ಹತ್ತಿರಲಿಲ್ಲ.

ಪುಣೆಯ ಶನಿವಾರ ಪೇಠೆಯ ಈ ಎರಡು ಬಾಡಿಗೆ ಖೋಲಿಗಳಲ್ಲಿ ನಾನೂ ಅವ್ವನೂ ಹನ್ನೊಂದು ವರ್ಷದಿಂದ ಇದ್ದೇವೆ. ಅವ್ವನಿಗೆ ಕಣ್ಣು ಕಾಣಿಸದು. ಇಲ್ಲಿಯ ಮೆಟ್ಟಿಲು, ನಳ, ಒಲೆ ಎಲ್ಲ ಅವಳ ಕೈಗೆ ಗೊತ್ತು. ಬೇರೆಡೆಗೆ ಒಯ್ದರೆ ಅವಳು ಎರಡನೆಯ ಸಲ ಕುರುಡಿಯಾಗುತ್ತಾಳೆ. ನನಗೆ ಹೆದರಿಕೆಯಾದದ್ದು ಅದಕ್ಕೇ.

ನನ್ನ ವಕೀಲರು ನಮ್ಮ ಧಾರವಾಡದ ಕಡೆಯವರು. (ಪುಣೆಯ ಕನ್ನಡಿಗರು ವಕೀಲರನ್ನು ಹುಡುಕುವ ರೀತಿ ನಿಮಗೆ ಗೊತ್ತೇ ಇದೆ. ಮೊದಲು ಊರು ಕೇಳುತ್ತೇವೆ, ಆಮೇಲೆ ಬೀಗತನ ಎಣಿಸುತ್ತೇವೆ. ಕಾಯದೆ ಬರುತ್ತದೆಯೇ ಎಂದು ಕೇಳುವುದು ಮರೆತೇ ಹೋಗುತ್ತದೆ.) ಈ ವಕೀಲರು ಪ್ರತಿ ಭಾನುವಾರ ಬಂದು ಅವ್ವ ಬಡಿದ ರೊಟ್ಟಿ ಉಣ್ಣುತ್ತಿದ್ದರು. ತಾರೀಖಿನ ಮಾತು ತೆಗೆದರೆ “ನಾ ಇದ್ದೇನಲ್ಲ ತಂಗಿ” ಎನ್ನುತ್ತಿದ್ದರು. ಊಟಕ್ಕೆ ಕೂತವರನ್ನು ಹೇಗೆ ಝಾಡಿಸುವುದು? ಸುಮ್ಮನಾಗುತ್ತಿದ್ದೆ. ಅದು ನನ್ನ ತಪ್ಪು.

ಈ ಸಲ ಸುಮ್ಮನಿರಲಿಲ್ಲ. ಕೋರ್ಟಿಗೆ ಹೋಗಿ ರೋಜನಾಮೆ, ಅಂದರೆ ಪ್ರತಿ ತಾರೀಖಿಗೆ ನಡೆದದ್ದನ್ನು ಬರೆದಿಡುವ ಹಾಳೆ, ತೆಗೆಸಿ ಓದಿದೆ. ‘ಪ್ರತಿವಾದಿಯ’, ಅಂದರೆ ನನ್ನ, ‘ವಕೀಲರು ಗೈರುಹಾಜರು.’ ಮೂರು ಸಲ.

ಸಂಜೆ ವಕೀಲರ ಮನೆಗೆ ಹೋದೆ. ಲೋಣಾವಳೆಯಲ್ಲಿ ಮದುವೆ ಇತ್ತಂತೆ. (ಮೂರು ಮದುವೆಗಳೇ?)

“ಹೋಗ್ಲಿ ಬಿಡು. ಮೂವತ್ತು ದಿವಸದೊಳಗ ಅರ್ಜಿ ಹಾಕಿದ್ರ ದಾವೆ ಮತ್ತ ನಡಸ್ಲಿಕ್ಕೆ ಬರ್ತದ. ನಿನಗ ಭಾಳ ಜ್ವರ ಬಂದಿತ್ತು, ನನಗ ಹೇಳಿ ಕಳಸಲಿಕ್ಕೆ ಆಗಲಿಲ್ಲ, ಅದಕ್ಕ ನಾ ಬರಲಿಲ್ಲ ಅಂತ ಅಫಿಡವಿಟ್ಟಿಗೆ ಸಹಿ ಮಾಡು. ಎಲ್ಲಾರೂ ಹಂಗ ಮಾಡ್ತಾರ.”

“ನನಗ ಜ್ವರ ಬಂದಿರಲಿಲ್ಲಲ್ರಿ.”

“ನಮ್ಮವರ ಮಾನ ನಾವ ಕಳೀಬೇಕೇನು?”

“ಸುಳ್ಳು ಪ್ರಮಾಣ ಮಾಡಿದ್ರ ನನ್ನ ಮಾನ ಉಳೀತದೇನ್ರಿ?” ಎಂದು ಎದ್ದು ಬಂದೆ.

ಮರುದಿನ ಬೇರೊಬ್ಬ ವಕೀಲರನ್ನು ಕಂಡೆ. ಹಳೆಯವರು ಒಪ್ಪಿ ಸಹಿ ಹಾಕದೆ ಕೇಸು ಮುಟ್ಟುವುದಿಲ್ಲ ಎಂದರು. ವೃತ್ತಿಯ ಮರ್ಯಾದೆಯಂತೆ. ವಕಾಲತ್ತು ಬರೆದುಕೊಟ್ಟವಳು ನಾನಲ್ಲವೇ? ಕೋರ್ಟಿನ ಅಪ್ಪಣೆ ಪಡೆದು ಅದನ್ನು ನಾನೇ ರದ್ದು ಮಾಡಿಸಬಹುದು. ನನ್ನ ಮಾತನ್ನು ನಾನೇ ನಿಂತು ಆಡಬಹುದು. ವಕೀಲರ ನಡತೆಯ ಮೇಲೆ ಹೈಕೋರ್ಟಿಗೆ ದೂರನ್ನೂ ಕೊಡಬಹುದು. ಇದನ್ನೆಲ್ಲ ಹೇಳಿದವನು ಕೋರ್ಟಿನ ಒಬ್ಬ ಮರಾಠಿ ಕಾರಕೂನ, ನಮ್ಮವನಲ್ಲ.

ವಕಾಲತ್ತು ರದ್ದು ಮಾಡಿಸಿ, ಅರ್ಜಿ ನಾನೇ ಬರೆದೆ. ಜ್ವರದ ಸುದ್ದಿಯಿಲ್ಲ. ‘ನನ್ನ ವಕೀಲರು ಮೂರು ತಾರೀಖಿಗೂ ಬರಲಿಲ್ಲ, ನನಗೆ ತಿಳಿಸಲೂ ಇಲ್ಲ.’ ನಿನ್ನೆ ನ್ಯಾಯಾಧೀಶರು ಅದನ್ನು ಓದಿ, ಸದ್ಯಕ್ಕೆ ಮನೆ ಖಾಲಿ ಮಾಡಿಸದಂತೆ ತಡೆದು, ಮಾಲೀಕನಿಗೆ ನೋಟೀಸು ಹೊರಡಿಸಿದರು.

ಇಂದು ಬೆಳಿಗ್ಗೆ ನಮ್ಮ ಕಡೆಯ ಇಬ್ಬರು ಹಿರಿಯರು ಬಂದಿದ್ದರು. ವಕೀಲರ ಮೇಲೆ ಹೈಕೋರ್ಟಿಗೆ ದೂರು ಬರೆಯಬಾರದಂತೆ, ನಮ್ಮ ಮನುಷ್ಯನ ಹೊಟ್ಟೆಯ ಮೇಲೆ ಹೊಡೆಯಬಾರದಂತೆ. ನಾನು ಬಾಯಿ ತೆಗೆಯುವ ಮೊದಲೇ ಅವ್ವ ಒಳಗಿಂದ ಕೇಳಿದಳು:

“ನಾಳೆ ನಾವು ಈ ಮನಿ ಬಿಟ್ರ, ನನ್ನ ಕೈ ಹಿಡಿದು ಯಾರ ಮನಿಗೆ ಕರ್ಕೊಂಡು ಹೋಗ್ತೀರಿ, ಈಗ ಹೇಳ್ರಿ?”